ವಾಗ್ಗೇಯಕಾರಲಕ್ಷಣವೂ ಮೈಸೂರು ವಾಸುದೇವಾಚಾರ್ಯರ ಕೃತಿಗಳೂ

ಸಂಗೀತರತ್ನಾಕರದ ಮೂರನೆಯದಾದ ಪ್ರಕೀರ್ಣಕಾಧ್ಯಾಯವು ವಾಗ್ಗೇಯಕಾರನ ಲಕ್ಷಣದಿಂದಲೇ ಉಪಕ್ರಮವಾಗುತ್ತದೆ. ದೇವಗಿರಿಯ ಯಾದವರ ಆಶ್ರಯದಲ್ಲಿದ್ದು ೧೩ನೆಯ ಶತಮಾನದಲ್ಲಿ ಈ ಗ್ರಂಥವನ್ನು ರಚಿಸಿದ ಶಾರ್ಙ್ಗದೇವನು, ಹಾಡಿನ ನುಡಿಗೆ ‘ಮಾತು’ ಎಂದೂ, ಅದರ ಗೇಯಭಾಗಕ್ಕೆ ‘ಧಾತು’ ಎಂದೂ ಹೆಸರಿಟ್ಟು, ಇವೆರಡನ್ನೂ ತಾನೇ ನಿರ್ಮಿಸಬಲ್ಲವನು ಮಾತ್ರ ವಾಗ್ಗೇಯಕಾರನೆನಿಸಿಕೊಳ್ಳುವನೆಂದು ಹೇಳಿ, ಅಂಥವನಿಗೆ ಇರತಕ್ಕ ಗುಣಗಳನ್ನು ಒಂದೊಂದಾಗಿ ಎಣಿಸಿರುತ್ತಾನೆ. ಶಬ್ದಶಾಸ್ತ್ರದ ಅರಿವು, ಕೋಶದಲ್ಲಿ ಪ್ರಾವೀಣ್ಯ, ಛಂದೋಭೇದಗಳ ಪರಿಚಯ, ಅಲಂಕಾರಕೌಶಲ, ರಸಭಾವಜ್ಞಾನ, ಬಹುಭಾಷಾವಿಜ್ಞಾನ, ಗೀತವಾದ್ಯನೃತ್ಯಗಳೆಂಬ ಮೂರರಲ್ಲಿಯೂ ಚಾತುರ್ಯ, ರಾಗದ್ವೇಷಗಳನ್ನು ತೊರೆದಿರುವಿಕೆ, ಪರರು ಉಂಡು ಬಿಟ್ಟದ್ದಲ್ಲದ ಉಕ್ತಿಯಲ್ಲಿ ಹಟ, ಹೊಸ ಧಾತುವನ್ನು ಕಟ್ಟುವ ಶಕ್ತಿ, ಇತರರ ಚಿತ್ತವನ್ನು ಅರಿಯುವ ಬಲ್ಮೆ—ಇವೇ ಮೊದಲಾದ ಆ ಗುಣಗಳೆಲ್ಲ ಒಬ್ಬನಲ್ಲಿ ಕೂಡುವುದು ದುರ್ಲಭವೆಂಬುದನ್ನು ಹೇಳಬೇಕಾದುದಿಲ್ಲ. ಇಷ್ಟನ್ನು ಹೇಳಿದ ಮೇಲೆ ಆತನು ತಾರತಮ್ಯವನ್ನು ಮಾಡುತ್ತಾನೆ. ಧಾತುವಿನಲ್ಲಿ ಮಿಗಿಲಾಗಿ ಮಾತಿನಲ್ಲಿ ಮಂದನಾದವನು ಮಧ್ಯಮನು. ರಮ್ಯವಾದ ಮಾತನ್ನು ಕಟ್ಟಿಯೂ ಧಾತುವಿನಲ್ಲಿ ಮಂದನಾದವನು ಅಧಮನು. ಕವಿಗಳಿಗೆ ಈ ತೀರ್ಪು ರುಚಿಸದಿದ್ದರೂ ಸಂಗೀತಶಾಸ್ತ್ರದ ಮತವು ಇದೇ ಆಗಿರುವುದು.

ಮೈಸೂರು ವಾಸುದೇವಾಚಾರ್ಯರ ವಿಷಯದಲ್ಲಿ ವಿದ್ವಾಂಸರ ಗೋಷ್ಠಿಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ಅಭಿಪ್ರಾಯವು ಈ ತಾರತಮ್ಯವನ್ನೇ ಅವಲಂಬಿಸಿರುತ್ತದೆ. ಆಚಾರ್ಯರ ಧಾತು ಉತ್ತಮ, ಮಾತು ತ್ಯಾಗರಾಜರ ಪ್ರತಿಧ್ವನಿ. ಆದುದರಿಂದ ಅವರು ಪ್ರಥಮಶ್ರೇಣಿಯ ಗಾಯಕರೂ ಮಧ್ಯಮಶ್ರೇಣಿಯ ವಾಗ್ಗೇಯಕಾರರೂ ಆಗಿರುವರು ಎಂಬುದೇ ಆ ಪೂರ್ವಪಕ್ಷ. ಹೀಗೆನ್ನುವವರು ಸಾಮಾನ್ಯವಾಗಿ ಎರಡು ಮೂರು ತೆಲುಗು ಕೃತಿಗಳನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಾರೆ. ಆಚಾರ್ಯರ ರಚನೆಗಳು ಸುಮಾರು ೨೦೦. ಅವುಗಳಲ್ಲಿ ಹೆಚ್ಚಿನವು ತೆಲುಗು ಮತ್ತು ಸಂಸ್ಕೃತಗಳಲ್ಲಿವೆ. ಈ ಎರಡು ಭಾಷೆಗಳಲ್ಲಿಯೂ ಅವರ ಮಾತು ಒಂದೇ ತೂಕದ್ದೇ ಎಂಬ ಪ್ರಶ್ನೆಯನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಪ್ರಕೃತ ಲೇಖನದ ವಿಚಾರವು ಇದೇ ಆಗಿದೆ.

ಆಚಾರ್ಯರು ಮೈಸೂರಿನಲ್ಲಿ ೧೮೬೫ನೆಯ ಇಸವಿ ಮೇ ೨೮ರಂದು ಜನಿಸಿದರು. ಅವರ ವಿದ್ಯಾಭ್ಯಾಸವು ಎರಡು ಕವಲಾಗಿ ನಡೆಯಿತೆಂಬುದನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು. ಒಂದು ಕಡೆ ಮಹಾರಾಜರ ಸಂಸ್ಕೃತ ಪಾಠಶಾಲೆಯಲ್ಲಿ ಕಾವ್ಯ, ವ್ಯಾಕರಣ, ಅಲಂಕಾರಗಳ ವ್ಯಾಸಂಗ. ಇನ್ನೊಂದು ಕಡೆ ವೀಣೆಯ ಪದ್ಮನಾಭಯ್ಯನವರಲ್ಲಿ ಸಂಗೀತಶಿಕ್ಷಣ. ಅನಂತರ ಚಾಮರಾಜೇಂದ್ರ ಒಡೆಯರ ಪೋಷಣೆಯಿಂದ ತಿರುವೈಯಾರಿಗೆ ಹೋಗಿ ಪಟ್ಟಣಂ ಸುಬ್ರಹ್ಮಣ್ಯ ಅಯ್ಯರವರ (೧೮೪೫–೧೯೦೨) ಗುರುಕುಲದಲ್ಲಿ ನಿಂತರು. ಅಯ್ಯರವರು ಮಾನಂಬುಚಾವಡಿ ವೆಂಕಟಸುಬ್ಬಯ್ಯರ ಶಿಷ್ಯರು. ವೆಂಕಟಸುಬ್ಬಯ್ಯರು ತ್ಯಾಗರಾಜರ ಬಂಧುಗಳೂ ಸಾಕ್ಷಾತ್ ಶಿಷ್ಯರೂ ಆಗಿದ್ದವರು. ಹೀಗೆ ಶಿಷ್ಯಪರಂಪರೆಯಲ್ಲಿ ಆಚಾರ್ಯರು ತ್ಯಾಗರಾಜರಿಂದ ಮೂರನೆಯವರು. ಸಂಸ್ಕೃತವು ಅವರಿಗೆ ಶಾಸ್ತ್ರಮುಖದಿಂದ ಬಂದಿತು; ಕೃತಿಗಳ ತೆಲುಗು ಗುರುವಿನ ಕಂಠದಿಂದ, ರಾಗದೊಡನೆಯೇ ಬಂದಿತು. ಸಂಸ್ಕೃತದ ಪದವನ್ನು ಅವರು ಬಿಡಿಸಿ ಕಲಿತರು, ತೆಲುಗಿನ ಪದವನ್ನು ಹಾಡಿ ಕಲಿತರು. ಮೈಸೂರಿಗೆ ಹಿಂದಿರುಗಿ ಆಸ್ಥಾನವಿದ್ವಾಂಸರಾಗಿ, ವೀಣೆಯ ಶೇಷಣ್ಣನವರು, ಬಿಡಾರಂ ಕೃಷ್ಣಪ್ಪನವರು ಮೊದಲಾದವರ ನಡುವೆ ಅವರು ಬಾಳಿದುದೂ, ೧೯೩೫ರಲ್ಲಿ ಮದರಾಸಿನ ಸಂಗೀತ ವಿದ್ವತ್ಸಭೆಯ ಸಮ್ಮೇಳನಾಧ್ಯಕ್ಷರಾದುದೂ ವಾಚಕರಿಗೆ ವಿದಿತವೇ ಸರಿ.

ಪೂರ್ವಪಕ್ಷಿಗಳಿಗೆ ಪ್ರಿಯವಾದ ಉದಾಹರಣೆಯನ್ನೇ ಮೊದಲು ಎತ್ತಿಕೊಳ್ಳಬಹುದು. ಖಮಾಸ್ ರಾಗದ ‘ಬ್ರೋಚೇವಾರೆವರುರಾ’ ಎಂಬ ಕೃತಿಯು ಆಚಾರ್ಯರ ರಚನೆಗಳಲ್ಲೆಲ್ಲ ಅತ್ಯಂತ ಪ್ರಸಿದ್ಧವಾದುದು. ೧೯೮೦ರ ‘ಶಂಕರಾಭರಣಂ’ ಚಿತ್ರದಲ್ಲಿ ಅದು ಸೇರಿದ ಮೇಲೆ ಸಂಗೀತದ ಗಂಧವಿಲ್ಲದವರ ಬಾಯಲ್ಲಿಯೂ ಅದು ನಿಂತಿತು. ಅದನ್ನು ತ್ಯಾಗರಾಜರದೆಂದೇ ನಂಬಿರುವ ಶ್ರೋತೃಗಳೂ ಉಂಟು. ಈ ಭ್ರಾಂತಿಯು ಒಂದು ರೀತಿಯಲ್ಲಿ ಹೊಗಳಿಕೆ, ಇನ್ನೊಂದು ರೀತಿಯಲ್ಲಿ ಆಕ್ಷೇಪ. ತನ್ನನ್ನು ಕಾಯುವವರು ರಾಮನಲ್ಲದೆ ಬೇರೆ ಯಾರು, ಆತನಿಗೇಕೆ ಈ ಔದಾಸೀನ್ಯ, ಅಭಿಮಾನವಿಲ್ಲವೆ, ಮೊರೆಯು ಕೇಳಿಸದೆ—ಈ ಭಾವಗಳೆಲ್ಲ ತ್ಯಾಗರಾಜರ ಮನೆಯ ಸೊತ್ತು ಎಂಬುದನ್ನು ಅಲ್ಲಗಳೆಯುವಂತಿಲ್ಲ. ಹಾಗಾದರೆ ಶಾರ್ಙ್ಗದೇವನು ಹೇಳಿದ ಅನುಚ್ಛಿಷ್ಟತೆಯು ಇಲ್ಲಿ ಇಲ್ಲವೆಂದು ಒಪ್ಪಿಬಿಡಬೇಕೇ?

ಈ ಸಂದರ್ಭದಲ್ಲಿ ಅಲಂಕಾರಶಾಸ್ತ್ರವು ಸಹಾಯಕ್ಕೆ ಬರುತ್ತದೆ. ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ದ್ಯೋತದಲ್ಲಿ ಕವಿಕವಿಗಳ ಉಕ್ತಿಗಳಿಗೆ ಸಂಭವಿಸುವ ಸಾದೃಶ್ಯವನ್ನು ಮೂರು ಬಗೆಯಾಗಿ ವಿಂಗಡಿಸಿರುವನು. ಕನ್ನಡಿಯ ಬಿಂಬದಂಥದು ಒಂದು, ಬರೆದ ಚಿತ್ರದಂಥದು ಇನ್ನೊಂದು, ಒಬ್ಬ ದೇಹಿಗೂ ಮತ್ತೊಬ್ಬ ದೇಹಿಗೂ ಇರುವ ಹೋಲಿಕೆಯಂಥದು ಮೂರನೆಯದು. ಮೊದಲನೆಯದಕ್ಕೆ ತನ್ನದೆಂಬ ಆತ್ಮವೇ ಇಲ್ಲ, ಎರಡನೆಯದರ ಆತ್ಮವು ಹುಸಿ, ಇವೆರಡೂ ತ್ಯಾಜ್ಯ. ಮೂರನೆಯದರಲ್ಲಿಯಾದರೋ ಅವಯವಸಾಮ್ಯವಿದ್ದರೂ ಜೀವ ಬೇರೆ. ಅದನ್ನು ಕವಿಯು ಬಿಡಬೇಕಾದುದಿಲ್ಲ. ಅಣ್ಣತಮ್ಮಂದಿರ ಮುಖ ಒಂದೇ ಬಗೆಯಾಗಿದ್ದರೆ ತಮ್ಮನನ್ನು ಯಾರೂ ಕಳ್ಳನೆನ್ನುವುದಿಲ್ಲವಷ್ಟೆ. ಖಮಾಸಿನ ಈ ಕೃತಿಯಲ್ಲಿ ಬೇರೆಯಾದ ಜೀವವು ಯಾವುದು ಎಂದರೆ, ಮೊದಲನೆಯದಾಗಿ ಅದರ ಧಾತು. ತ್ಯಾಗರಾಜರು ಇಂಥ ನಿಂದಾಸ್ತುತಿಯ ಭಾವವನ್ನು ಬಹುಮಟ್ಟಿಗೆ ವಿಷಾದದ ರಾಗಗಳಲ್ಲಿ ತಂದರೆ, ಆಚಾರ್ಯರು ಅದೇ ಭಾವವನ್ನು ಲಾಲಿತ್ಯವೇ ಪ್ರಾಣವಾದ ಖಮಾಸಿನಲ್ಲಿ ತಂದರು. ಮೊರೆಯಿಡುವವನ ದನಿಯಲ್ಲಿ ಸಲಿಗೆ ಹೆಚ್ಚಾಗಿ ದೈನ್ಯವು ಕಡಮೆಯಾಯಿತು. ಎರಡನೆಯದಾಗಿ ಅಂಕಿತ. ಗಜರಾಜನನ್ನು ಕಾಪಾಡಿದ ವಾಸುದೇವನು ನೀನೇ ಅಲ್ಲವೆ ಎಂಬ ಅರ್ಥ ಬರುವಂತೆ ಚರಣದಲ್ಲಿ ಅಂಕಿತವು ಕೂಡಿಬಂದಿರುವುದು. ಅನೇಕ ವಾಗ್ಗೇಯಕಾರರಲ್ಲಿ ಅಂಕಿತವು ಪತ್ರದ ಕೊನೆಯ ರುಜುವಿನಂತೆ ಹೊರಗೆ ನಿಂತಿರುತ್ತದೆ. ಇಲ್ಲಿಯಾದರೆ ಅದು ವಾಕ್ಯದ ಅನ್ವಯದೊಳಗೇ ಸೇರಿ, ದೇವರ ಹೆಸರೂ ಹಾಡಿದವರ ಹೆಸರೂ ಒಂದೇ ಆದ ಶ್ಲೇಷದಿಂದ ಅರ್ಥಪುಷ್ಟಿಯನ್ನು ಉಂಟುಮಾಡುತ್ತದೆ. ಗುರುವು ವೆಂಕಟೇಶನ ಅಂಕಿತದಲ್ಲಿ ರಚಿಸಿದರೆ ಶಿಷ್ಯರು ತಮ್ಮ ಹೆಸರನ್ನೇ ಅಂಕಿತವಾಗಿಸಿಕೊಂಡುದು ಅಹಂಕಾರದಂತೆ ತೋರಬಹುದು. ಕೃತಿಯನ್ನು ನೋಡಿದರೆ ಆ ಹೆಸರು ಆಚಾರ್ಯರಿಗೆ ಸಲ್ಲುವುದಕ್ಕಿಂತ ಮೊದಲು ಸ್ವಾಮಿಗೆ ಸಲ್ಲುವಂತೆಯೇ ಅವರು ಎಚ್ಚರದಿಂದ ಇರಿಸಿರುವುದು ಕಾಣುತ್ತದೆ.

ಆದರೂ ಪಕ್ಷಪಾತವಿಲ್ಲದೆ ಹೇಳುವುದಾದರೆ, ತೆಲುಗು ಕೃತಿಗಳೆಲ್ಲಕ್ಕೂ ಈ ಸಮಾಧಾನವು ಸಾಲದು. ಅವುಗಳಲ್ಲಿ ಎಷ್ಟೋ ಕಡೆ ಭಾವವು ಪರಂಪರೆಯಿಂದ ಬಂದ ಹಾಗೆಯೇ, ಮುಟ್ಟದೆ, ಮುರಿಯದೆ ನಿಂತುಬಿಟ್ಟಿದೆ. ತ್ಯಾಗರಾಜರು ರಾಮನೊಡನೆ ಜಗಳವಾಡಿದರೆ ಆ ಜಗಳಕ್ಕೆ ಅವರ ಬಾಳಿನಲ್ಲಿ ಒಂದು ದಿನ, ಒಂದು ಕಾರಣ ಇದ್ದಂತೆ ಕೇಳುವವನಿಗೆ ತೋರುತ್ತದೆ. ಆಚಾರ್ಯರ ಮೊರೆಯಲ್ಲಿ ಆ ದಿನವೂ ಆ ಕಾರಣವೂ ತೋರುವುದಿಲ್ಲ. ರಾಗವು ಅಷ್ಟು ಹೃದ್ಯವಾಗಿರುವುದರಿಂದ ಕೇಳುವಾಗ ಈ ಕೊರತೆಯು ಗೋಚರಿಸುವುದಿಲ್ಲ. ಪುಸ್ತಕವನ್ನು ತೆರೆದು ಸಾಹಿತ್ಯವನ್ನು ಮಾತ್ರ ಓದಿದರೆ ಗೋಚರಿಸುತ್ತದೆ. ಪೂರ್ವಪಕ್ಷದಲ್ಲಿ ಇಷ್ಟು ಸತ್ಯವಿದೆ.

ಸಂಸ್ಕೃತಕೃತಿಗಳ ಸ್ಥಿತಿ ಬೇರೆ. ಹಿಂದೋಳರಾಗದ ‘ಮಾಮವತು ಶ್ರೀ ಸರಸ್ವತೀ’ ಎಂಬುದನ್ನು ತೆಗೆದುಕೊಳ್ಳಬಹುದು. ದೇವತಾಸ್ತುತಿಯಾದ ಕೃತಿಗಳು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಪ್ರಾರಂಭವಾಗುವುವು. ಸಂಬೋಧನೆಯನ್ನು ಇಟ್ಟು ‘ನನ್ನನ್ನು ಕಾಪಾಡು’ ಎಂದು ಮಧ್ಯಮಪುರುಷದಲ್ಲಿ ಬೇಡುವುದು ಒಂದು. ‘ಇಂಥವನನ್ನು ಭಜಿಸುತ್ತೇನೆ’ ಎಂದು ಉತ್ತಮಪುರುಷದಲ್ಲಿ ಹೇಳಿ ವಿಶೇಷಣಗಳನ್ನೆಲ್ಲ ದ್ವಿತೀಯಾವಿಭಕ್ತಿಯಲ್ಲಿ ಪೋಣಿಸುವುದು ಇನ್ನೊಂದು. ಆಚಾರ್ಯರೇ ಗೌಳರಾಗದ ಗಣೇಶಕೃತಿಯಲ್ಲಿ ಈ ಎರಡನೆಯ ರೀತಿಯನ್ನು ಹಿಡಿದಿರುವರು. ಹಿಂದೋಳದ ಕೃತಿಯಲ್ಲಿಯಾದರೋ ಅವರು ಪ್ರಥಮಪುರುಷದ ಲೋಟ್ ಪ್ರಯೋಗವನ್ನು ಮಾಡಿ, ಸರಸ್ವತಿಯನ್ನು ಕರ್ತೃಪದವಾಗಿ ನಿಲ್ಲಿಸಿದರು. ಇದು ಕಾವ್ಯನಾಟಕಗಳ ನಾಂದೀಶ್ಲೋಕಗಳಲ್ಲಿ ಕಾಣಬರುವ ಆಶೀರ್ವಾದದ ಕ್ರಮ. ಪಾಠಶಾಲೆಯಲ್ಲಿ ಕಾವ್ಯನಾಟಕಗಳನ್ನು ಓದಿದವರಿಗೆ ಸಹಜವಾಗಿ ಒದಗುವ ವಾಕ್ಯಸರಣಿ ಇದು. ಇದರ ಫಲವೇನೆಂದರೆ, ಮುಂದೆ ಬರುವ ವಿಶೇಷಣಗಳೆಲ್ಲವೂ ಪ್ರಥಮಾವಿಭಕ್ತಿಯ ಸ್ತ್ರೀಲಿಂಗರೂಪಗಳಾಗಿ, ಬಹುಮಟ್ಟಿಗೆ ಆಕಾರದ ದೀರ್ಘದಲ್ಲಿ ಮುಗಿಯುತ್ತವೆ; ಅದರಲ್ಲಿಯೂ ಬಹುಭಾಗ ‘ಣಾ’ ಎಂಬ ಅಕ್ಷರದಲ್ಲಿಯೇ ಮುಗಿದು ಅಂತ್ಯಪ್ರಾಸವನ್ನು ಕೊಡುತ್ತವೆ. ದೀರ್ಘಾಕಾರವು ಹಾಡುವವನ ಬಾಯಿಯನ್ನು ತೆರೆದು ನಿಲ್ಲಿಸುವುದು. ಋಷಭಪಂಚಮಗಳನ್ನು ವರ್ಜಿಸಿದ ಔಡವರಾಗವಾದ ಹಿಂದೋಳದಲ್ಲಿ ಗಮಕಕ್ಕೆ ಇದು ಎಷ್ಟು ಅನುಕೂಲವೆಂಬುದನ್ನು ಹಾಡಿದವರು ಬಲ್ಲರು. ವಿಭಕ್ತಿಯ ಆಯ್ಕೆಯೇ ಇಲ್ಲಿ ರಾಗದ ಅನುಕೂಲವಾಗಿ ಪರಿಣಮಿಸಿತು.

ಇದೇ ಕೃತಿಯ ಚರಣದಲ್ಲಿ, ಸಜ್ಜನರ ಮನೋರಥಗಳನ್ನು ಪೂರೈಸುವುದರಲ್ಲಿ ಹೆಸರಾದವಳು ಎಂಬ ಅರ್ಥವನ್ನು ಹೇಳಬೇಕಾದಲ್ಲಿ ಆಚಾರ್ಯರು ‘ಚಣ’ ಎಂಬುದನ್ನು ಸೇರಿಸಿದ ಸಮಾಸಪದವನ್ನು ಪ್ರಯೋಗಿಸಿರುವರು. ಇದು ಸಾಮಾನ್ಯವಾದ ಶಬ್ದವಲ್ಲ. ಪಾಣಿನಿಯು ಐದನೆಯ ಅಧ್ಯಾಯದ ಎರಡನೆಯ ಪಾದದ ೨೬ನೆಯ ಸೂತ್ರದಲ್ಲಿ ‘ಅದರಿಂದ ಪ್ರಸಿದ್ಧನಾದವನು’ ಎಂಬ ಅರ್ಥದಲ್ಲಿ ಚುಂಚುಪ್, ಚಣಪ್ ಎಂಬ ಎರಡು ತದ್ಧಿತಪ್ರತ್ಯಯಗಳನ್ನು ವಿಧಿಸಿರುತ್ತಾನೆ. ವಿದ್ಯೆಯಿಂದ ಹೆಸರಾದವನು ವಿದ್ಯಾಚಣನು. ಈ ಪ್ರತ್ಯಯವನ್ನು ನೆನಪಿನಲ್ಲಿಟ್ಟುಕೊಂಡು, ಪ್ರಾಸದ ಸ್ಥಾನಕ್ಕೆ ಸರಿಯಾಗಿ, ಅರ್ಥಕ್ಕೆ ಹಾನಿ ಬಾರದಂತೆ ಇಳಿಸುವುದು ಪ್ರತಿಧ್ವನಿಯ ಕೆಲಸವಲ್ಲ. ತ್ಯಾಗರಾಜರಿಂದ ಇದನ್ನು ಎರವಲು ಪಡೆದರೆಂದು ಯಾರೂ ಹೇಳಲಾರರು. ಶಾರ್ಙ್ಗದೇವನು ಗುಣಗಳ ಪಟ್ಟಿಯಲ್ಲಿ ಶಬ್ದಶಾಸ್ತ್ರದ ಅರಿವನ್ನು ಮೊಟ್ಟಮೊದಲು ಇಟ್ಟುದೇಕೆಂಬುದು ಇಂಥ ಸ್ಥಳಗಳಲ್ಲಿ ಮನಸ್ಸಿಗೆ ಬರುತ್ತದೆ. ಸರಸ್ವತಿಯನ್ನು ಕಾಮಕೋಟಿಪೀಠದಲ್ಲಿ ನೆಲಸಿದವಳೆಂದುದು ಹೇಗೆ, ಆ ಪೀಠವು ಕಾಮಾಕ್ಷಿಯದಲ್ಲವೆ ಎಂಬ ಶಂಕೆಯನ್ನು ಕೆಲವರು ಎತ್ತಬಹುದು. ಕಾ ಎಂದರೆ ಸರಸ್ವತಿ, ಮಾ ಎಂದರೆ ಲಕ್ಷ್ಮಿ, ಇವರಿಬ್ಬರನ್ನು ಕಣ್ಣಾಗಿ ಉಳ್ಳವಳು ಕಾಮಾಕ್ಷಿ ಎಂಬ ಸಾಂಪ್ರದಾಯಿಕ ನಿರ್ವಚನವನ್ನು ಬಲ್ಲವರಿಗೆ ಈ ಶಂಕೆಯು ನಿಲ್ಲುವುದಿಲ್ಲ.

ಇನ್ನೊಂದು ಅಂಶವು ಕನ್ನಡಿಗರಿಗೆ ವಿಶೇಷವಾಗಿ ಆದರಣೀಯವಾದುದು. ಈ ಕೃತಿಯ ಪಲ್ಲವಿ ಅನುಪಲ್ಲವಿಗಳ ಪಾದಗಳಲ್ಲೆಲ್ಲ ಎರಡನೆಯ ಅಕ್ಷರವು ಮಕಾರವೇ. ಅದರ ಹಿಂದಿನ ಅಕ್ಷರವೂ ಎಲ್ಲೆಡೆಯಲ್ಲಿ ದೀರ್ಘವೇ. ಚರಣಕ್ಕೆ ಬಂದರೆ ಮಕಾರವು ಹೋಗಿ ಜಕಾರವು ಬರುತ್ತದೆ. ಮೊದಲ ಪಾದಗಳಲ್ಲಿ ಅದು ದೀರ್ಘದ ಮುಂದೆಯೂ, ಅನಂತರದ ಪಾದಗಳಲ್ಲಿ ಹ್ರಸ್ವದ ಮುಂದೆಯೂ ಬರುತ್ತದೆ. ಕನ್ನಡ ಛಂದಸ್ಸಿನ ಪರಿಭಾಷೆಯಲ್ಲಿ ಹೇಳುವುದಾದರೆ ಗಜಪ್ರಾಸದಿಂದ ಹೊರಟು ಸಿಂಹಪ್ರಾಸಕ್ಕೆ ಸಂದಿದೆ. ಸಂಸ್ಕೃತಕಾವ್ಯಗಳಿಗೆ ಈ ದ್ವಿತೀಯಾಕ್ಷರಪ್ರಾಸದ ಕಟ್ಟಳೆಯಿಲ್ಲ. ಕಾಳಿದಾಸನು ಇದನ್ನು ಅರಿಯನು. ಇದು ಕವಿರಾಜಮಾರ್ಗಕಾರನು ಚರ್ಚಿಸಿದ, ನಾಗವರ್ಮನು ಛಂದೋಂಬುಧಿಯಲ್ಲಿ ಲಕ್ಷಣ ಹೇಳಿದ ದೇಸಿಯ ಕಟ್ಟಳೆ. ಯತಿಯನ್ನಾದರೂ ಬಿಟ್ಟು ಪ್ರಾಸವನ್ನು ಉಳಿಸಿಕೊಂಡವರು ಕನ್ನಡ ಕವಿಗಳು. ಕೃತಿರಚನೆಯಲ್ಲಿ ಈ ಪ್ರಾಸವು ದೀಕ್ಷಿತರ ಸಂಸ್ಕೃತದಲ್ಲಿಯೂ ರೂಢವಾಗಿದ್ದುದರಿಂದ ಆಚಾರ್ಯರು ಹೊಸದಾಗಿ ತಂದರೆಂದು ಹೇಳುವಂತಿಲ್ಲ. ಆದರೆ ಗಜವನ್ನು ಬಿಟ್ಟು ಸಿಂಹವನ್ನು ಹಿಡಿಯುವಾಗ ಎರಡನ್ನೂ ಬೆರಸದೆ ಜೋಡಿಜೋಡಿಯಾಗಿ ನಡಸಿರುವ ಎಚ್ಚರವು ಆಚಾರ್ಯರ ಕಿವಿಯು ಎಂಥದೆಂಬುದನ್ನು ತಿಳಿಸುತ್ತದೆ. ಭಾಷೆ ಸಂಸ್ಕೃತವಾದರೂ ಕಿವಿ ದೇಸಿಯದು.

ಕಾಂಭೋಜಿಯ ‘ಲಂಬೋದರಮವಲಂಬೇ’ ಎಂಬ ಕೃತಿಯ ಎತ್ತುಗಡೆಯೊಂದೇ ಆಚಾರ್ಯರ ಶಬ್ದಪ್ರಿಯತೆಗೆ ಸಾಕಾದ ನಿದರ್ಶನ. ದೇವತೆಯ ಹೆಸರಿನಲ್ಲಿ ಇರುವುದೂ ಭಕ್ತನ ಕ್ರಿಯಾಪದದಲ್ಲಿ ಇರುವುದೂ ಒಂದೇ ಧಾತು; ವೈಯಾಕರಣರ ಧಾತುವೇ ಹೊರತು ಶಾರ್ಙ್ಗದೇವನ ಧಾತುವಲ್ಲ. ಸ್ವಾಮಿಯ ಉದರವು ಜೋಲುವುದೂ ಭಕ್ತನು ಆತನಿಗೆ ಜೋತುಬೀಳುವುದೂ ಒಂದೇ ಮೂಲದಿಂದ ಹೊರಟು, ನಡುವೆ ಒಂದು ಉಪಸರ್ಗದಿಂದ ಬೇರೆಯಾಗಿವೆ. ಪಾಠಶಾಲೆಯ ವಿದ್ಯಾರ್ಥಿಗಳು ಇಂಥದನ್ನು ಕಂಡರೆ ನಗುತ್ತಾರೆ. ಆ ನಗೆಯೂ ರಸಕ್ಕೆ ವಿರೋಧಿಯಲ್ಲ, ಸ್ತುತ್ಯನಾದವನು ವಿನಾಯಕನಾದುದರಿಂದ.

ದೀಕ್ಷಿತರೊಡನೆ (೧೭೭೫–೧೮೩೫) ಹೋಲಿಸುವುದು ಅನಿವಾರ್ಯವಾಗುತ್ತದೆ. ದೀಕ್ಷಿತರ ಸಂಸ್ಕೃತದಲ್ಲಿ ಕ್ಷೇತ್ರದ ಹೆಸರು, ಮೂರ್ತಿಯ ವಿವರ, ಮಂತ್ರಾಕ್ಷರ, ರಾಗದ ಮುದ್ರೆ ಇವೆಲ್ಲ ಕಿಕ್ಕಿರಿದಿರುತ್ತವೆ; ಪ್ರತಿಯೊಂದು ಕೃತಿಯೂ ಒಂದು ದೇವಾಲಯದ ಪ್ರದಕ್ಷಿಣೆಯಂತೆ ಇರುವುದು. ಆಚಾರ್ಯರ ಸಂಸ್ಕೃತವು ತೆಳ್ಳಗಿನದು. ಸಮಾಸಗಳು ಕಿರಿದು, ಅನ್ವಯವು ಸುಲಭ, ಕ್ಷೇತ್ರಬಂಧವು ವಿರಳ. ಆ ಕಾರಣದಿಂದ ಗಾಂಭೀರ್ಯದಲ್ಲಿ ದೀಕ್ಷಿತರಿಗೆ ಸಾಟಿಯಾಗುವುದಿಲ್ಲ. ವಿಶೇಷಣಗಳು ಒಂದು ಕೃತಿಯಿಂದ ಇನ್ನೊಂದಕ್ಕೆ ಸಾಗಿಸಬಹುದಾದಷ್ಟು ಸಾಮಾನ್ಯವಾಗಿರುವುದೂ ಉಂಟು. ಕಮಲದಂಥ ಕಣ್ಣು, ರಮಣೀಯವಾದ ಮುಖ, ದೇವತೆಗಳಿಂದ ಪೂಜಿತವಾದ ಪಾದ, ಇವುಗಳನ್ನು ಯಾವ ದೇವತೆಗೆ ಹೇಳಬಾರದು? ಇದು ದೋಷವೇ. ಗುಣವೆಂದರೆ ಪ್ರಸಾದ. ವಾಮನಾದಿ ಆಲಂಕಾರಿಕರು ವೈದರ್ಭೀರೀತಿಯೆಂದು ಹೊಗಳಿದುದರ ಹತ್ತಿರಕ್ಕೆ ಬರುವುದು ಆಚಾರ್ಯರ ಮಾತು. ಮಧ್ಯಮಕಾಲದಲ್ಲಿ ನಡೆಯುವ ಧಾತುವಿಗೆ ಈ ತೆಳುವಾದ ನುಡಿಯೇ ಹೊಂದುತ್ತದೆ; ದೀಕ್ಷಿತರ ಸಮಾಸಗಳನ್ನು ಈ ನಡೆಗೆ ಹೂಡಿದರೆ ಗಾಡಿಯು ಹೊರೆಯನ್ನು ತಾಳಲಾರದು.

ಪ್ರಸಾದಗುಣವಿರುವ ಮಾತನ್ನು ಪ್ರಸಾದವಿಲ್ಲದೆ ಹಾಡುವುದು ಮಾತ್ರ ಇಂದು ಹೆಚ್ಚಾಗಿದೆ. ಬೆಂಗಳೂರಿನ ಪಶ್ಚಿಮಭಾಗದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಸಂಜೆಯ ಹೊತ್ತು ಸಂಗೀತಪಾಠ ನಡೆಯುವ ಮನೆಗಳು ಬೀದಿಬೀದಿಗೂ ಇವೆ. ವರ್ಣಗಳು ಮುಗಿದು ಕೃತಿಗಳಿಗೆ ಬಂದ ಮಕ್ಕಳು ಬೇಗನೆ ಕಲಿಯುವವುಗಳಲ್ಲಿ ಹಿಂದೋಳದ ಈ ಕೃತಿಯೂ ಒಂದು. ‘ಮಾಂ’ ‘ಅವತು’ ಎಂದು ಎರಡು ಪದಗಳೆಂಬುದನ್ನು ತಿಳಿಸದೆ ಪಾಠ ಮಾಡಿದರೆ ಮಗುವು ‘ಮಾಮವ’ ಎಂದು ನಿಲ್ಲಿಸಿ, ಉಸಿರು ತೆಗೆದುಕೊಂಡು, ‘ತು’ ಎಂಬುದನ್ನು ಸರಸ್ವತಿಯ ತಲೆಗೆ ಕಟ್ಟುತ್ತದೆ. ‘ತು’ ಎಂಬ ಅವ್ಯಯಕ್ಕೆ ‘ಆದರೆ’ ಎಂದು ಅರ್ಥ. ನನ್ನನ್ನು ಕಾಪಾಡು, ಆದರೆ—ಎಂದು ಬೇಡಿದಂತಾಯಿತು! ‘ಚಣ’ಪ್ರತ್ಯಯವೂ ಅರ್ಥ ತಿಳಿಯದವರ ಬಾಯಲ್ಲಿ ಬೇರೆ ಬೇರೆ ರೂಪಗಳನ್ನು ತಾಳುವುದುಂಟು. ಕಲಿಸುವವರಲ್ಲಿ ಶ್ರದ್ಧೆಗೆ ಕೊರತೆಯಿಲ್ಲ, ಸ್ವರಸ್ಥಾನದಲ್ಲಿ ಕೂದಲೆಳೆಯಷ್ಟು ತಪ್ಪನ್ನೂ ಸಹಿಸದವರೇ ಬಹುಮಂದಿ. ಪದಚ್ಛೇದದ ತಪ್ಪು ಮಾತ್ರ ಅವರ ಕಿವಿಗೆ ತಪ್ಪಾಗಿ ಕೇಳಿಸುವುದಿಲ್ಲ. ಧಾತು ಉಳಿದು ಮಾತು ಸವೆಯುತ್ತಿರುವಾಗ, ಆಚಾರ್ಯರನ್ನು ಮಧ್ಯಮವಾಗ್ಗೇಯಕಾರರೆಂದು ಕರೆಯುವವರು ಕರೆಯುತ್ತಿರುವುದು ಆಚಾರ್ಯರನ್ನೋ ತಾವು ಕೇಳಿದ ಹಾಡುಗಾರಿಕೆಯನ್ನೋ ಎಂಬ ಸಂದೇಹ ಬರುತ್ತದೆ.

ಇಲ್ಲಿ ಒಂದು ದೊಡ್ಡ ಪ್ರಶ್ನೆಯು ತಾನಾಗಿಯೇ ಏಳುತ್ತದೆ. ಮೈಸೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಬೆಳೆದು, ಮೈಸೂರಿನ ಅರಸರ ಅನ್ನವನ್ನುಂಡ ವಾಗ್ಗೇಯಕಾರರು ಕನ್ನಡದಲ್ಲಿ ಏಕೆ ತಮ್ಮ ಶಕ್ತಿಯನ್ನು ವಿನ್ಯಾಸಗೊಳಿಸಲಿಲ್ಲ? ಪುರಂದರದಾಸರೇ ಮೊದಲಾದ ಹರಿದಾಸರ ಪದಗಳು ಕಿವಿಯಲ್ಲಿ ತುಂಬಿದ್ದ ನಾಡು ಇದು. ಆಚಾರ್ಯರಿಗಿಂತ ಹಿಂದಿನ ಮೈಸೂರು ಸದಾಶಿವರಾಯರೂ ತೆಲುಗು ಸಂಸ್ಕೃತಗಳಲ್ಲಿಯೇ ರಚಿಸಿದರು. ಅವರೂ ತ್ಯಾಗರಾಜರ ಶಿಷ್ಯಪರಂಪರೆಯವರು. ಕೃತಿ ಎಂಬ ರೂಪವು ಈ ನಾಡಿಗೆ ಕಾವೇರಿಯ ಕೆಳಬಯಲಿನಿಂದ ಬಂದಾಗ ತನ್ನ ಭಾಷೆಯನ್ನೂ ಹೊತ್ತುಕೊಂಡು ಬಂದಿತು. ನೀರು ಇಲ್ಲಿಂದ ಅಲ್ಲಿಗೆ ಹರಿದರೆ ಹಾಡು ಅಲ್ಲಿಂದ ಇಲ್ಲಿಗೆ ಹತ್ತಿತು. ಇದು ಕಾರಣವಾಗಬಹುದೇ ಹೊರತು ಸಮಾಧಾನವಾಗಲಾರದು. ಏಕೆಂದರೆ ಅದೇ ಮೈಸೂರು ಆಸ್ಥಾನದಲ್ಲಿ ತಮಿಳುನಾಡಿನಿಂದ ಬಂದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು (೧೮೭೭–೧೯೪೫) ಚಾಮುಂಡೇಶ್ವರಿಯ ಅಷ್ಟೋತ್ತರಶತನಾಮಗಳಿಗೆ ೧೦೮ ಕೃತಿಗಳನ್ನು ಕನ್ನಡದಲ್ಲಿ ಬೆಳಗಿಸಿದರು. ಹೊರಗಿನಿಂದ ಬಂದವರಿಗೆ ಸಾಧ್ಯವಾದುದು ಒಳಗಿನವರಿಗೆ ಅಸಾಧ್ಯವೆಂದು ಹೇಳುವಂತಿಲ್ಲ. ಆಚಾರ್ಯರ ಕಿವಿಯಲ್ಲಿ ಗಜಸಿಂಹಪ್ರಾಸಗಳು ಅಷ್ಟು ಸಹಜವಾಗಿ ನಿಂತಿದ್ದುವು ಎಂಬುದನ್ನು ಮೇಲೆ ತೋರಿಸಿದ ಮೇಲಂತೂ ಈ ನಷ್ಟವು ಇನ್ನಷ್ಟು ಭಾರವಾಗಿ ಕಾಣುತ್ತದೆ.

ಗದ್ಯದಲ್ಲಿ ಆಚಾರ್ಯರು ಕನ್ನಡಿಗರಾಗಿಯೇ ಉಳಿದರು. ‘ನಾ ಕಂಡ ಕಲಾವಿದರು’, ‘ನೆನಪುಗಳು’ ಎಂಬ ಎರಡು ಗ್ರಂಥಗಳು ಈ ಮಾತಿಗೆ ಸಾಕ್ಷಿ. ತಾವು ಕಂಡ, ಕೂಡಿ ಹಾಡಿದ, ಕೆಲವೊಮ್ಮೆ ಎದುರಾಗಿ ನಿಂತ ವಿದ್ವಾಂಸರನ್ನು ಕುರಿತು ಅವುಗಳಲ್ಲಿ ಬರೆಯುವಾಗ ಅವರು ತೋರಿಸುವ ಔದಾರ್ಯವು ಸಂಗೀತಗಾರರ ಬರವಣಿಗೆಯಲ್ಲಿ ಅಪರೂಪವಾದುದು. ರಾಗದ್ವೇಷಪರಿತ್ಯಾಗವನ್ನು ವಾಗ್ಗೇಯಕಾರನ ಗುಣವಾಗಿ ಶಾರ್ಙ್ಗದೇವನು ಎಣಿಸಿದಾಗ ಅದು ನೀತಿಬೋಧೆಯೆಂದು ತೋರಿದರೂ, ಈ ಗ್ರಂಥಗಳನ್ನು ಓದಿದ ಮೇಲೆ ಅದು ಕಲೆಗೆ ಸಂಬಂಧಿಸಿದ ಗುಣವೆಂಬುದು ತಿಳಿಯುತ್ತದೆ. ದ್ವೇಷವಿರುವವನಿಗೆ ಇನ್ನೊಬ್ಬನ ಆಲಾಪನೆಯು ನೆನಪಿನಲ್ಲಿ ನಿಲ್ಲುವುದಿಲ್ಲ. ಆ ಗದ್ಯದಲ್ಲಿ ವಾಕ್ಯಗಳು ಮೈಸೂರಿನ ಜಗಲಿಯ ಮೇಲೆ ಕುಳಿತು ಹೇಳಿದಂತೆ ಸಾಗುತ್ತವೆ. ಪಾಂಡಿತ್ಯವು ಮುಂದೆ ಬಂದು ನಿಲ್ಲುವುದಿಲ್ಲ. ವ್ಯಕ್ತಿಗಳು ಕಣ್ಣ ಮುಂದೆ ಬರುತ್ತಾರೆ. ತೆಲುಗು ಕೃತಿಗಳಲ್ಲಿ ಇಲ್ಲವೆಂದು ಮೇಲೆ ಹೇಳಿದ ಆ ‘ಒಂದು ದಿನ, ಒಂದು ಕಾರಣ’ವೆಲ್ಲ ಈ ಗದ್ಯದಲ್ಲಿ ಹೇರಳವಾಗಿದೆ. ಆಚಾರ್ಯರ ಬಾಳಿನ ಅನುಭವವು ಹಾಡಿಗೆ ಬಾರದೆ ಇಲ್ಲಿಗೆ ಬಂದು ಸೇರಿತು.

ಬೋಧಕರಾಗಿ ಆಚಾರ್ಯರ ಸ್ಥಾನವನ್ನು ಕುರಿತು ಹೇಳುವಾಗ, ಪರಚಿತ್ತಪರಿಜ್ಞಾನವೆಂಬ ಗುಣವನ್ನು ಬಿಟ್ಟು ಬೇರೆಯದನ್ನು ಹುಡುಕಬೇಕಾದುದಿಲ್ಲ. ಜಯಚಾಮರಾಜ ಒಡೆಯರವರು (೧೯೧೯–೧೯೭೪) ರಚಿಸಿದ ೯೪ ಕೃತಿಗಳ ಹಿಂದೆ ಆಚಾರ್ಯರ ಮಾರ್ಗದರ್ಶನವಿದ್ದುದು ಪ್ರಸಿದ್ಧ. ಅವುಗಳನ್ನು ಪರಿಶೀಲಿಸಿದರೆ ಗುರುವಿನ ಮುಖವು ಅವುಗಳಲ್ಲಿ ಕಾಣುವುದೇ ಇಲ್ಲವೆಂಬುದು ಆಶ್ಚರ್ಯಕರವಾಗಿದೆ. ಅಪೂರ್ವರಾಗಗಳು, ಶ್ರೀವಿದ್ಯೆಯ ಪರಿಭಾಷೆ, ಬಿಗಿಯಾದ ಸಮಾಸಗಳು—ದಾರಿಯು ದೀಕ್ಷಿತರದು. ಗುರುವಾದರೋ ಪ್ರಸಿದ್ಧರಾಗಗಳಲ್ಲಿ, ತೆಳುವಾದ ನುಡಿಯಲ್ಲಿ, ರಾಮಕೃಷ್ಣರನ್ನು ಹಾಡಿದವರು. ಶಿಷ್ಯನ ಚಿತ್ತವು ಹರಿಯುವ ದಿಕ್ಕನ್ನು ಅರಿತು, ತಮ್ಮ ಅಚ್ಚನ್ನು ಒತ್ತದೆ, ಧಾತುಮಾತುಗಳ ಹೊಂದಿಕೆಯನ್ನು ಮಾತ್ರ ತಿದ್ದಿಕೊಟ್ಟ ಗುರುವನ್ನು ಇಲ್ಲಿ ಕಾಣಬಹುದು. ಆಸ್ಥಾನದಲ್ಲಿ ಶಿಷ್ಯನೇ ಪ್ರಭುವಾಗಿದ್ದುದರಿಂದ ಹೀಗೆ ಮಾಡಿದರೆಂದು ಯಾರಾದರೂ ಹೇಳುವುದಾದರೆ, ಮುಂದೆ ಹೇಳುವ ಕಾರ್ಯದಲ್ಲಿ ಯಾವ ಪ್ರಭುವೂ ಇರಲಿಲ್ಲವೆಂಬುದನ್ನು ನೆನೆಯಬೇಕು.

ರುಕ್ಮಿಣೀದೇವಿಯವರು (೧೯೦೪–೧೯೮೬) ಮದರಾಸಿನಲ್ಲಿ ೧೯೩೬ರಲ್ಲಿ ಸ್ಥಾಪಿಸಿದ ಕಲಾಕ್ಷೇತ್ರಕ್ಕೆ, ಅವರ ಆಹ್ವಾನದ ಮೇರೆಗೆ, ೧೯೫೦ರ ದಶಕದಲ್ಲಿ ಆಚಾರ್ಯರು ಹೋದರು. ವಯಸ್ಸು ಎಂಬತ್ತೈದನ್ನು ದಾಟಿತ್ತು. ಅಲ್ಲಿ ಬೋಧನೆಯ ಜೊತೆಗೆ ಅವರ ಮುಂದೆ ಬಂದ ಕಾರ್ಯವು ವಾಲ್ಮೀಕಿರಾಮಾಯಣದ ನೃತ್ಯನಾಟಕಗಳಿಗೆ ಸಂಗೀತವನ್ನು ಅಳವಡಿಸುವುದಾಗಿತ್ತು. ಮೊದಲನೆಯದಾದ ‘ಸೀತಾಸ್ವಯಂವರಂ’ ೧೯೫೫ರಲ್ಲಿ, ಅವರ ತೊಂಬತ್ತನೆಯ ವಯಸ್ಸಿನಲ್ಲಿ, ರಂಗಕ್ಕೆ ಬಂದಿತು. ಶಾರ್ಙ್ಗದೇವನು ಪರರ ಧಾತುವಿಗೆ ಮಾತನ್ನು ಹೊಂದಿಸುವವನಿಗೆ ಕುಟ್ಟಿಕಾರನೆಂದು ಸ್ವಲ್ಪ ಕೀಳಾದ ಹೆಸರನ್ನು ಕೊಟ್ಟಿರುತ್ತಾನೆ. ಇಲ್ಲಿ ನಡೆದುದು ಅದರ ವಿಪರ್ಯಯ. ಮಾತು ಆದಿಕವಿಯದು, ಧಾತು ಆಚಾರ್ಯರದು. ಅನುಷ್ಟುಪ್ ಶ್ಲೋಕವು ಹಾಡಿಗೆಂದು ಹುಟ್ಟಿದ್ದರೂ ತಾಳಕ್ಕೆಂದು ಹುಟ್ಟಿದುದಲ್ಲ. ಎಂಟೆಂಟು ಅಕ್ಷರಗಳ ಪಾದದಲ್ಲಿ ಗುರುಲಘುಗಳು ಬಹುಭಾಗ ಸ್ವತಂತ್ರ. ಆದಿಪ್ರಾಸವಿಲ್ಲ, ಅಂತ್ಯಪ್ರಾಸವಿಲ್ಲ, ಪಲ್ಲವಿಗೆ ಹಿಂದಿರುಗುವ ಸೌಕರ್ಯವಿಲ್ಲ. ಜೀವಮಾನವೆಲ್ಲ ಯಾವ ಆಸರೆಗಳ ಮೇಲೆ ಕೃತಿಯನ್ನು ನಿಲ್ಲಿಸಿದ್ದರೋ ಆ ಆಸರೆಗಳೆಲ್ಲವನ್ನೂ ಬಿಟ್ಟು, ನರ್ತಕರ ಹೆಜ್ಜೆಗೂ ಪಾತ್ರಗಳ ಅಭಿನಯಕ್ಕೂ ಸಲ್ಲುವಂತೆ ಶ್ಲೋಕದ ಅರ್ಥವನ್ನು ಅನುಸರಿಸಿ ರಾಗವನ್ನು ಬದಲಿಸುತ್ತ ಹೋಗಬೇಕಾಯಿತು. ಗೀತವಾದ್ಯನೃತ್ಯಗಳೆಂಬ ಮೂರರಲ್ಲಿಯೂ ಚಾತುರ್ಯವೆಂಬ ಲಕ್ಷಣವು ಅವರಲ್ಲಿ ಸಾರ್ಥಕವಾದುದು ಈ ವಯಸ್ಸಿನಲ್ಲಿ. ಮಾತಿನ ವಿಷಯದಲ್ಲಿ ಅವರ ಮೇಲೆ ಬಂದ ಆಕ್ಷೇಪಕ್ಕೆ ಇಲ್ಲಿ ಅವಕಾಶವೇ ಇಲ್ಲದಿರುವುದರಿಂದ, ಅವರ ಧಾತುಶಕ್ತಿಯನ್ನು ಮಾತ್ರ ಪ್ರತ್ಯೇಕವಾಗಿ ತೂಗಿ ನೋಡಬೇಕೆನ್ನುವವರು ಕೃತಿಗಳನ್ನು ಬಿಟ್ಟು ಈ ನಾಟಕಗಳ ಸಂಗೀತವನ್ನೇ ಪರೀಕ್ಷಿಸತಕ್ಕದ್ದು. ಅಂಥ ಪರೀಕ್ಷೆಯು ಕನ್ನಡದಲ್ಲಿ ನಡೆಯಬೇಕಾಗಿದೆ.

೧೯೫೯ರಲ್ಲಿ ಪದ್ಮಭೂಷಣ ಪ್ರಶಸ್ತಿಯು ಬಂದಿತು. ೧೯೬೧ನೆಯ ಇಸವಿ ಮೇ ೧೭ರಂದು, ತೊಂಬತ್ತಾರು ತುಂಬಲು ಹನ್ನೊಂದು ದಿನಗಳಿರುವಾಗ, ಆಚಾರ್ಯರು ದೇಹವನ್ನು ಬಿಟ್ಟರು. ಆರು ಭಾಗಗಳ ರಾಮಾಯಣಮಾಲೆಯು ಆಗ ಇನ್ನೂ ಮುಗಿದಿರಲಿಲ್ಲ. ಪಟ್ಟಾಭಿಷೇಕದವರೆಗಿನ ಉಳಿದ ಭಾಗಕ್ಕೆ ಮೊಮ್ಮಗ ಎಸ್. ರಾಜಾರಾಂ ಅವರು ಧಾತುವನ್ನು ಕಟ್ಟಿದರು.